ಭಾನುವಾರದ ಏಳು ಗಂಟೆ: ಮೈಸೂರು, ಮೆಲ್ಬರ್ನ್, ಸಿಯಾಟಲ್

ಮಗಳ ಸಂಸಾರ ಮೆಲ್ಬರ್ನ್‌ನಲ್ಲಿ, ಮಗನದು ಸಿಯಾಟಲ್ ಸಮೀಪದಲ್ಲಿ, ನಾವಿಬ್ಬರು ಮೈಸೂರಿನ ಸರಸ್ವತೀಪುರಂನಲ್ಲಿ. ಮೂರೂ ಮನೆಯವರು ಎಚ್ಚರವಾಗಿದ್ದು, ಯಾರಿಗೂ ಕೆಲಸದ ಅವಸರವಿಲ್ಲದ ಒಂದು ಹೊತ್ತು ವಾರದಲ್ಲಿ ಸಿಗುತ್ತದೆಯೇ ಎಂದು ಕಾಗದದ ಮೇಲೆ ಮೂರು ಗೆರೆ ಎಳೆದು ಹುಡುಕಿದೆ. ಸಿಕ್ಕಿತು. ಭಾನುವಾರ ಬೆಳಿಗ್ಗೆ ಏಳು ಗಂಟೆ. ನಮಗೆ ಏಳಾದಾಗ ಮೆಲ್ಬರ್ನ್‌ನಲ್ಲಿ ಭಾನುವಾರದ ನಡುಹಗಲು, ಸಿಯಾಟಲ್‌ನಲ್ಲಿ ಇನ್ನೂ ಶನಿವಾರದ ಸಂಜೆ. ಮಗಳು ಅಡುಗೆಮನೆಯಲ್ಲಿರುತ್ತಾಳೆ, ಮಗ ತನ್ನ ಹುಡುಗನನ್ನು ಆಟದಿಂದ ಕರೆತಂದು ಕೂರಿಸಿಕೊಂಡಿರುತ್ತಾನೆ. ಅಂದಿನಿಂದ ಈ ಹೊತ್ತನ್ನು ನಾವು ಬದಲಾಯಿಸಿಲ್ಲ.

ಬದಲಾಗುವುದು ಅವರ ಗಡಿಯಾರ. ಭಾರತದಲ್ಲಿ ವರ್ಷವಿಡೀ ಒಂದೇ ಸಮಯ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಮೆಲ್ಬರ್ನ್ ಭೂಮಿಯ ದಕ್ಷಿಣಾರ್ಧದಲ್ಲಿರುವುದರಿಂದ ಅಲ್ಲಿ ಇದು ತಿರುವುಮುರುವು: ಅಕ್ಟೋಬರ್ ಮೊದಲ ಭಾನುವಾರ ಮುಂದಕ್ಕೆ, ಏಪ್ರಿಲ್ ಮೊದಲ ಭಾನುವಾರ ಹಿಂದಕ್ಕೆ. ಹಾಗಾಗಿ ನಮ್ಮ ಏಳು ಗಂಟೆ ಮಗಳಿಗೆ ಕೆಲವು ತಿಂಗಳು ಹನ್ನೊಂದೂವರೆ, ಉಳಿದ ತಿಂಗಳು ಹನ್ನೆರಡೂವರೆ. ಮಗನಿಗೆ ಸಂಜೆ ಆರೂವರೆ ಅಥವಾ ಐದೂವರೆ. ಇನ್ನೊಂದು ಸೂಕ್ಷ್ಮವಿದೆ. ಗಡಿಯಾರ ತಿರುಗಿಸುವುದು ಭಾನುವಾರದ ನಸುಕಿನಲ್ಲಿ. ಮೆಲ್ಬರ್ನ್‌ನ ಬದಲಾವಣೆ ನಮ್ಮ ಕರೆಯ ಹೊತ್ತಿಗೆ ಆಗಿಹೋಗಿರುತ್ತದೆ. ಸಿಯಾಟಲ್‌ನಲ್ಲಿ ಆಗ ಇನ್ನೂ ಶನಿವಾರವಾದ್ದರಿಂದ ಅಲ್ಲಿನ ಬದಲಾವಣೆ ನಮಗೆ ತಟ್ಟುವುದು ಮರುವಾರ. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನವೇ ಈ ನಾಲ್ಕು ಭಾನುವಾರಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ. ಹೊತ್ತು ನಮ್ಮ ಗಡಿಯಾರಕ್ಕೇ ಅಂಟಿಕೊಂಡಿರಬೇಕೆಂದು ಹಟ ಹಿಡಿದವನು ನಾನು. ವಯಸ್ಸಾದವರ ದಿನಚರಿಯನ್ನು ಕದಲಿಸುವುದಕ್ಕಿಂತ ಅವರ ಊಟದ ಹೊತ್ತನ್ನು ಅರ್ಧ ಗಂಟೆ ಅತ್ತಿತ್ತ ಮಾಡಿಕೊಳ್ಳುವುದು ಸುಲಭ ಎಂದು ಮಕ್ಕಳೂ ಒಪ್ಪಿದರು.

ಹೊತ್ತು ನಿಗದಿಯಾದದ್ದರಿಂದ ಆದ ದೊಡ್ಡ ಲಾಭ ಕಾಯುವಿಕೆ ತಪ್ಪಿದ್ದು. ಮೊದಲು ಯಾರು ಯಾವಾಗ ಕರೆ ಮಾಡುತ್ತಾರೋ ಎಂದು ಭಾನುವಾರವಿಡೀ ಮೊಬೈಲ್ ಜೊತೆಯಲ್ಲೇ ಇರುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಒಬ್ಬರು ಹೊರಗೆ ಕಾವಲು. ಈಗ ಎಂಟು ಗಂಟೆಯೊಳಗೆ ಮಾತು ಮುಗಿಯುತ್ತದೆ, ಉಳಿದ ದಿನ ಪೂರ್ತಿ ನಮ್ಮದು.

ನಾನು ದೂರಸಂಪರ್ಕ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ್ದು ಆಪರೇಟರ್ ಮೂಲಕ ದೂರದೂರಿಗೆ ಮಾಡುತ್ತಿದ್ದ ಟ್ರಂಕ್ ಕಾಲ್‌ಗಳ ಕಾಲದಲ್ಲಿ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಮೂರು ನಿಮಿಷಕ್ಕೊಮ್ಮೆ ಲೆಕ್ಕ. ಆಗ ಜನ ಏನು ಮಾತಾಡಬೇಕೆಂದು ಚೀಟಿಯಲ್ಲಿ ಬರೆದುಕೊಂಡೇ ಬರುತ್ತಿದ್ದರು. ಹಣದ ಭಯಕ್ಕೆ ಮಾಡುತ್ತಿದ್ದ ಆ ಅಭ್ಯಾಸವನ್ನು ನಾನು ಈಗ ಬಿಟ್ಟಿ ಕರೆಗಳ ಕಾಲದಲ್ಲಿ ಮತ್ತೆ ತಂದಿದ್ದೇನೆ. ಟೀಪಾಯಿಯ ಮೇಲೆ ಒಂದು ನೋಟ್‌ಬುಕ್ ಇದೆ. ವಾರದಲ್ಲಿ ಕಂಡದ್ದು, ಕೇಳಿದ್ದು, ಮಕ್ಕಳಿಗೆ ಹೇಳಬೇಕೆನಿಸಿದ್ದನ್ನು ನಾವಿಬ್ಬರೂ ಅದರಲ್ಲಿ ಒಂದೊಂದು ಸಾಲು ಬರೆಯುತ್ತೇವೆ. ಕುಕ್ಕರಹಳ್ಳಿ ಕೆರೆಗೆ ಹೆಜ್ಜಾರ್ಲೆಗಳು ಬಂದವು. ಎದುರು ಮನೆಯ ಸಂಪಿಗೆ ಮರ ಕಡಿದರು. ಒಮ್ಮೆ ರೇಡಿಯೊ ಕೇಳುತ್ತಿದ್ದಾಗ ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೇ ನಮ್ಮೂರಿನಲ್ಲಿ, 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿಗೆ ಎಂದು ನೆನಪಾಗಿ ಬರೆದಿಟ್ಟೆ. ಅದನ್ನು ಕೇಳಿದ ಮೊಮ್ಮಗ ಮನೆಯಲ್ಲಿ ರೇಡಿಯೊ ಕೇಂದ್ರ ಮಾಡುವುದು ಹೇಗೆಂದು ಮುಂದಿನ ಮೂರ್ನಾಲ್ಕು ವಾರ ನನ್ನನ್ನು ಬಿಡಲಿಲ್ಲ.

ನೋಟ್‌ಬುಕ್ ಇಲ್ಲದಿದ್ದರೆ ಮಾತು ಎಲ್ಲಿಗೆ ಹೋಗುತ್ತದೆಂದು ಇಂಥ ಮನೆಗಳವರಿಗೆ ಗೊತ್ತು. ತಿಂಡಿ ಆಯಿತೇ, ಅಲ್ಲಿ ಚಳಿಯೇ, ಮಾತ್ರೆ ತೆಗೆದುಕೊಂಡಿರಾ. ಐದು ನಿಮಿಷದಲ್ಲಿ ಮುಗಿದು, ಪರದೆಯ ಎರಡೂ ಕಡೆ ಮುಖ ನೋಡುತ್ತಾ ಕೂರುವುದು. ಪ್ರೀತಿ ಕಡಿಮೆಯಾಗಿ ಹೀಗಾಗುವುದಿಲ್ಲ. ಒಂದೇ ಮನೆಯಲ್ಲಿದ್ದಾಗ ನಾವು ಮುಖಾಮುಖಿ ಕೂತು ಸಮಾಚಾರ ವಿಚಾರಿಸುತ್ತಿರಲಿಲ್ಲ. ಹುರುಳಿಕಾಯಿ ಸೋಸುತ್ತಲೋ ಬಟ್ಟೆ ಮಡಿಸುತ್ತಲೋ ಮಾತಾಡುತ್ತಿದ್ದೆವು. ಅದಕ್ಕೇ ಕರೆಯ ಜೊತೆಗೆ ಒಂದು ಕೆಲಸವನ್ನೂ ಇಟ್ಟುಕೊಳ್ಳಬೇಕೆಂದು ನನ್ನ ಹೆಂಡತಿ ಹೇಳಿದಳು. ನಮ್ಮ ಭಾನುವಾರಗಳಿಗೆ ಜೀವ ಬಂದದ್ದು ಅಲ್ಲಿಂದ.

ಮೊದಲು ನಡೆದದ್ದು ಸಾರಿನ ಪುಡಿ. ಆಸ್ಟ್ರೇಲಿಯಕ್ಕೆ ಆಹಾರ ಪದಾರ್ಥ ಒಯ್ಯುವುದಕ್ಕೆ ನಿರ್ಬಂಧಗಳು ಬಿಗಿಯಾಗಿವೆ. ಬೀಜ, ಕಾಳು, ಹಾಲಿನ ಪದಾರ್ಥಗಳ ವಿಚಾರದಲ್ಲಂತೂ ತಪಾಸಣೆ ಕಠಿಣ; ತಿನ್ನುವ ವಸ್ತು ಏನೇ ಇದ್ದರೂ ಇಳಿಯುವಾಗ ಕಾರ್ಡಿನಲ್ಲಿ ಬರೆದು ತೋರಿಸಬೇಕು. ಕಳುಹಿಸುವ ಗೋಜಿಗಿಂತ ಅಲ್ಲೇ ಮಾಡಲಿ ಎಂದು ಇವಳು ನಿರ್ಧರಿಸಿದಳು. ಬ್ಯಾಡಗಿ ಮೆಣಸಿನಕಾಯಿ ಅಲ್ಲಿನ ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಒಂದು ಬಾಣಲೆ ಇಲ್ಲಿ, ಒಂದು ಅಲ್ಲಿ. ಪರಿಮಳ ಪರದೆ ದಾಟುವುದಿಲ್ಲವಲ್ಲ, ಆದ್ದರಿಂದ ಕಣ್ಣು, ಕಿವಿಗಳಿಂದಲೇ ಹೇಳಿಕೊಡಬೇಕಾಯಿತು. ಮೆಂತ್ಯ ಕೆಂಪಗಾಗಬೇಕು, ಕಪ್ಪಾದರೆ ಕಹಿ. ಕೊತ್ತಂಬರಿ ಬೀಜ ಹದಕ್ಕೆ ಬಂದಾಗ ಸೌಟು ಆಡಿಸುವ ಸದ್ದು ಹಗುರವಾಗುತ್ತದೆ, ಮೊಬೈಲನ್ನು ಬಾಣಲೆಯ ಹತ್ತಿರ ಹಿಡಿ, ನಾನು ಕೇಳಿ ಹೇಳುತ್ತೇನೆ ಎಂದಳು. ಮೆಣಸಿನಕಾಯಿ ಉಬ್ಬಿದ ಕೂಡಲೇ ಒಲೆ ಆರಿಸು. ಜೀರಿಗೆ, ಕಾಳುಮೆಣಸು, ಸಾಸಿವೆಗಳನ್ನು ಬೇರೆಬೇರೆಯಾಗಿಯೇ ಹುರಿ, ಒಟ್ಟಿಗೆ ಹಾಕಬೇಡ. ಆ ಒಂದು ಗಂಟೆಯಲ್ಲಿ ತಾಯಿ ಮಗಳು ಅತ್ತೆಯ ವಿಚಾರ, ಆಫೀಸಿನ ವಿಚಾರ, ಹಳೆಯ ಬಾಡಿಗೆ ಮನೆಯ ವಿಚಾರ ಎಲ್ಲವನ್ನೂ ಮಾತಾಡಿದರು. ಎದುರು ಕೂರಿಸಿ ಕೇಳಿದ್ದರೆ ಮಗಳು ಅದರಲ್ಲಿ ಅರ್ಧವನ್ನೂ ಹೇಳುತ್ತಿರಲಿಲ್ಲ.

ಮೊಮ್ಮಕ್ಕಳಿಗೆ ಒಗಟು. ಇವಳು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವಳು, ಮಕ್ಕಳನ್ನು ಹಿಡಿದು ಕೂರಿಸುವ ವಿದ್ಯೆ ಗೊತ್ತು. ವಾರಕ್ಕೊಂದೇ ಒಗಟು, ಉತ್ತರ ಮುಂದಿನ ಭಾನುವಾರ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದಾಗ ಮಲ್ಲಿಗೆ ಗಿಡವನ್ನೇ ಕಾಣದ ಸಿಯಾಟಲ್ ಹುಡುಗ ಹಿಮ ಬಿದ್ದ ಪೈನ್ ಮರ ಎಂದ. ಅವನು ಕಂಡ ಲೋಕಕ್ಕೆ ಅದೇ ಸರಿಯಾದ ಉತ್ತರ ಎಂದು ಇವಳು ಪೂರ್ತಿ ಅಂಕ ಕೊಟ್ಟಳು. ‘ಅಜ್ಜಿ ಗುದ್ದಿದರೆ ಮನೆಯೆಲ್ಲಾ ಮಕ್ಕಳು’ ಎಂಬುದಕ್ಕೆ ಮೆಲ್ಬರ್ನ್ ಮೊಮ್ಮಗಳು ಅಡುಗೆಮನೆಗೆ ಓಡಿ ಬೆಳ್ಳುಳ್ಳಿಯ ಗಡ್ಡೆಯನ್ನೇ ತಂದು ಕ್ಯಾಮೆರಾದ ಮುಂದೆ ಜಜ್ಜಿ ತೋರಿಸಿದಳು. ಇಬ್ಬರ ಕನ್ನಡವೂ ತೊಡರುತ್ತದೆ. ಮಾತಿನ ನಡುವೆ ತಿದ್ದುವುದಿಲ್ಲ ಎಂಬುದು ಇವಳ ನಿಯಮ. ತಿದ್ದಿದರೆ ಮಗು ಇಂಗ್ಲಿಷಿಗೆ ಜಾರಿಬಿಡುತ್ತದೆ. ಅದೇ ವಾಕ್ಯವನ್ನು ತಾನು ಸರಿಯಾಗಿ ಹೇಳಿ ಮುಂದುವರಿಸುತ್ತಾಳೆ, ಅಷ್ಟೇ.

ಇನ್ನು ನನ್ನ ಕಸುಬಿನ ಮಾತು. ಹಳೆಯ ಸ್ಥಿರ ದೂರವಾಣಿ ಕರೆಂಟ್ ಹೋದಾಗಲೂ ಕೆಲಸ ಮಾಡುತ್ತಿತ್ತು, ಏಕೆಂದರೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಗಳಿಂದ ತಾಮ್ರದ ತಂತಿಯ ಮೂಲಕವೇ ಅದಕ್ಕೆ ವಿದ್ಯುತ್ ಬರುತ್ತಿತ್ತು. ಫೈಬರ್ ಗಾಜಿನ ಎಳೆ. ಬೆಳಕನ್ನು ತರುತ್ತದೆ, ವಿದ್ಯುತ್ತನ್ನು ತರುವುದಿಲ್ಲ. ಮನೆಯ ಮೋಡೆಮ್‌ಗೆ ಕರೆಂಟ್ ಇಲ್ಲದಿದ್ದರೆ ಸಂಪರ್ಕ ಸತ್ತಂತೆ. ಮೋಡೆಮ್‌ಗೆಂದೇ ಪುಟ್ಟ ಯುಪಿಎಸ್‌ಗಳು ಸಿಗುತ್ತವೆ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ ಹೊಂದಿಸಿಕೊಂಡರೆ ಸಾಕು. ಮಕ್ಕಳು ಕೊಡಿಸುವ ದುಬಾರಿ ಸಾಧನಗಳಿಗಿಂತ ಇದು ಮೊದಲು ಬೇಕು.

ಧ್ವನಿಯ ವಿಚಾರ ಚಿತ್ರಕ್ಕಿಂತ ಮುಖ್ಯ. ವಯಸ್ಸಾದಂತೆ ಮೊದಲು ಮಂದವಾಗುವುದು ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿ. ಚಿಕ್ಕ ಮಕ್ಕಳ ದನಿ ಇರುವುದೇ ಅಲ್ಲಿ. ‘ಸ’, ‘ಶ’, ‘ಫ’ಗಳ ಸ್ಪಷ್ಟತೆಯೂ ಅಲ್ಲೇ. ಹಳೆಯ ದೂರವಾಣಿ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಒಯ್ಯುತ್ತಿತ್ತು, ಇಂಟರ್‌ನೆಟ್ ಕರೆ ಅದಕ್ಕಿಂತ ಹೆಚ್ಚನ್ನು ಒಯ್ಯಬಲ್ಲದು. ಆದರೆ ಮೊಬೈಲಿನ ಸಣ್ಣ ಸ್ಪೀಕರ್ ಗೋಡೆಗೆ ಮುಖ ಮಾಡಿದ್ದರೆ ಬಂದದ್ದೂ ಕಿವಿಗೆ ತಲುಪುವುದಿಲ್ಲ. ನಾವು ಟ್ಯಾಬ್ಲೆಟ್ಟನ್ನು ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ಬೇರೆಯದೇ ಸ್ಪೀಕರ್ ಜೋಡಿಸಿ, ಕಿಟಕಿಗೆ ಎದುರಾಗಿ ಕೂರುತ್ತೇವೆ. ಬೆಳಕು ಮುಖಕ್ಕೆ ಬೀಳಬೇಕು, ಬೆನ್ನಿಗೆ ಬಿದ್ದರೆ ಅವರಿಗೆ ಕಾಣುವುದು ಎರಡು ಕಪ್ಪು ನೆರಳು. ಫ್ಯಾನ್ ಆರಿಸುತ್ತೇವೆ, ಏಕೆಂದರೆ ಮೈಕ್ ಅದರ ಸದ್ದನ್ನೂ ಹಿಡಿಯುತ್ತದೆ.

ಆರೋಗ್ಯದ ಬಗ್ಗೆ ನಮ್ಮ ಮನೆಯಲ್ಲಿ ಒಂದೇ ಕಟ್ಟಳೆ: ಮುಚ್ಚಿಡುವಂತಿಲ್ಲ. ದೂರದಲ್ಲಿರುವವರಿಗೆ ಯಾಕೆ ಗಾಬರಿ ಎಂದು ಕಾಯಿಲೆ ಬಚ್ಚಿಡುವ ಅನೇಕರನ್ನು ಕಂಡಿದ್ದೇನೆ. ಮಕ್ಕಳಿಗೆ ಒಮ್ಮೆ ಅನುಮಾನ ಬಂದರೆ ಆಮೇಲೆ ‘ಚೆನ್ನಾಗಿದ್ದೇವೆ’ ಎಂಬ ನಿಜವನ್ನೂ ಅವರು ನಂಬುವುದಿಲ್ಲ. ತಿಂಗಳ ಮೊದಲ ಭಾನುವಾರ ರಕ್ತದೊತ್ತಡ, ಸಕ್ಕರೆಯ ಅಂಕಿಗಳನ್ನು ಓದಿ ಹೇಳುತ್ತೇವೆ. ಮಾತ್ರೆಗಳ ಪಟ್ಟಿ, ವೈದ್ಯರ ಸಂಖ್ಯೆ, ನೆರೆಮನೆಯವರ ಸಂಖ್ಯೆ ಇರುವ ಹಾಳೆ ಫ್ರಿಜ್ಜಿನ ಬಾಗಿಲಲ್ಲಿದೆ, ಅದರ ಚಿತ್ರ ಇಬ್ಬರ ಬಳಿಯೂ ಇದೆ. ತುರ್ತು ಬಂದರೆ ಆಸ್ಪತ್ರೆಯ ತೀರ್ಮಾನಗಳನ್ನು ಯಾರು ತೆಗೆದುಕೊಳ್ಳಬೇಕೆಂದೂ ಮಾತಾಡಿ ಬರೆದಿಟ್ಟಿದ್ದೇವೆ. ಆ ಮಾತು ಎತ್ತುವುದು ಕಷ್ಟವಾಗಿತ್ತು. ಮಗಳು ಅತ್ತಳು. ಆದರೂ ಅಂದೇ ಮುಗಿಸಿದೆವು.

ಅದೇ ದಿನ ಇನ್ನೊಂದನ್ನೂ ಗೊತ್ತುಮಾಡಿಕೊಂಡೆವು. ದನಿಯನ್ನು ನಕಲು ಮಾಡಿ ‘ಅಪ್ಪಾ, ತೊಂದರೆಯಲ್ಲಿದ್ದೇನೆ, ಹಣ ಕಳುಹಿಸು’ ಎನ್ನುವ ಮೋಸದ ಕರೆಗಳು ಬರುತ್ತಿವೆ. ವಿದೇಶದಲ್ಲಿ ಮಕ್ಕಳಿರುವ ಮುದುಕರೆಂದರೆ ಇಂಥವರಿಗೆ ಸುಲಭದ ಗುರಿ. ನಮ್ಮ ಕುಟುಂಬಕ್ಕೆ ಒಂದು ಗುಟ್ಟಿನ ಪದವಿದೆ. ಅದನ್ನು ಹೇಳದವರು ಯಾರ ದನಿಯಲ್ಲಿ ಮಾತಾಡಿದರೂ ಕರೆ ಕಡಿದು ನಾವೇ ಹಳೆಯ ಸಂಖ್ಯೆಗೆ ಮತ್ತೆ ಕರೆ ಮಾಡುತ್ತೇವೆ. ಪೊಲೀಸರೆಂದು ಹೇಳಿಕೊಂಡು ವಿಡಿಯೊದಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವರನ್ನು ನಂಬಬೇಡಿ, ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಎಂಟರ ನಂತರದ ಭಾನುವಾರದ ಬಗ್ಗೆ ಹೇಳುವುದು ಕಡಿಮೆ, ಅದರ ಸುಖ ಹೆಚ್ಚು. ಅಕ್ಕಿರೊಟ್ಟಿ, ಪುರವಣಿ ಓದು, ಎಣ್ಣೆಸ್ನಾನ. ಮಧ್ಯಾಹ್ನ ನಿದ್ದೆ. ಮೊಬೈಲ್ ಒಳಕೋಣೆಯಲ್ಲಿರುತ್ತದೆ. ಸಂಜೆ ಕಾಲಿನಲ್ಲಿ ಶಕ್ತಿಯಿದ್ದರೆ ಬಸ್ ಹತ್ತಿ ಅರಮನೆಯ ಕಡೆ ಹೋಗುತ್ತೇವೆ. ಭಾನುವಾರ ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತುತ್ತವೆ. ಎಷ್ಟು ಸಲ ನೋಡಿದ್ದರೂ ನೆರೆದ ಜನ ‘ಹಾ’ ಎನ್ನುವಾಗ ನಾವೂ ಅನ್ನುತ್ತೇವೆ. ಮಕ್ಕಳಿಲ್ಲದ ಮನೆಯೆಂದರೆ ಬರಿದು ಎಂದು ನೆಂಟರು ಮರುಗುತ್ತಾರೆ. ಇಬ್ಬರೇ ಇರುವ ಈ ದಿನವನ್ನು ನಾವು ಇಷ್ಟಪಟ್ಟು ಬದುಕುತ್ತಿದ್ದೇವೆ. ಮಕ್ಕಳಿಗೂ ಅದನ್ನು ಬಾಯಿಬಿಟ್ಟು ಹೇಳಿದ್ದೇವೆ, ಏಕೆಂದರೆ ನಮ್ಮನ್ನು ಬಿಟ್ಟು ಹೋದೆವೆಂಬ ಭಾರ ಅವರ ಮೇಲಿರುವುದು ನಮಗೆ ಬೇಡ.

ಈಗ ನಡೆಯುತ್ತಿರುವ ಚರ್ಚೆ ಎರಡೂ ಸಂಸಾರ ಒಟ್ಟಿಗೆ ಮೈಸೂರಿಗೆ ಬರುವುದು ಯಾವಾಗ ಎಂದು. ಸಿಯಾಟಲ್ ಕಡೆಯ ಶಾಲೆಗಳಿಗೆ ದೀರ್ಘ ರಜೆ ಜೂನ್ ಉತ್ತರಾರ್ಧದಿಂದ ಆಗಸ್ಟ್ ಕೊನೆಯವರೆಗೆ. ಮೆಲ್ಬರ್ನ್‌ನಲ್ಲಿ ಆಗ ಚಳಿಗಾಲ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಎರಡು ವಾರವಷ್ಟೇ ಬಿಡುವು. ಅವರ ದೊಡ್ಡ ರಜೆ ಡಿಸೆಂಬರ್ ಕೊನೆಯಿಂದ ಜನವರಿಯ ಕೊನೆಯ ದಿನಗಳವರೆಗೆ, ಆದರೆ ಆಗ ಸಿಯಾಟಲ್‌ನವರಿಗೆ ಸಿಗುವುದು ಕ್ರಿಸ್‌ಮಸ್ ಆಸುಪಾಸಿನ ಎರಡು ವಾರ, ಟಿಕೆಟ್ಟಿನ ಬೆಲೆಯೂ ಏರಿರುತ್ತದೆ. ಮಗ ಡಿಸೆಂಬರ್ ಎನ್ನುತ್ತಾನೆ. ಮೊಮ್ಮಕ್ಕಳಿಬ್ಬರಿಗೂ ಮಳೆ ನೋಡಬೇಕಂತೆ, ಹಲಸಿನಹಣ್ಣು ಬಿಡಿಸಬೇಕಂತೆ. ನಾನು ಮತ್ತು ಇವಳು ಮೊಮ್ಮಕ್ಕಳ ಪಕ್ಷ. ಬರುವ ಭಾನುವಾರ ಎಲ್ಲರೂ ಕೈಯೆತ್ತಿ ತೀರ್ಮಾನಿಸುವುದೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.