ಮಂಡಿಯ ನಾಚ್ ಎಕ್ಸ್‌ರೇ ತೆಗೆಯುವುದು ಹೇಗೆ

ಎಕ್ಸ್‌ರೇ ಕಲಿಯಲು ಹೊಸದಾಗಿ ಬರುವವರಿಗೆ ನಾನು ಮೊದಲು ತೋರಿಸುವುದು ಕುರಿಯ ತೊಡೆಮೂಳೆ. ಮಟನ್ ಅಂಗಡಿಯಿಂದ ತಂದು, ಬೇಯಿಸಿ, ಉಜ್ಜಿ ತೊಳೆದು ಇಟ್ಟುಕೊಂಡಿದ್ದೇನೆ. ಅದರ ಕೆಳತುದಿಯನ್ನು ಹಿಂದಿನಿಂದ ನೋಡಿ. ಎರಡು ಗುಂಡನೆಯ ಉಬ್ಬು, ನಡುವೆ ಬೆರಳು ಇಳಿಯುವಂಥ ಸಂದು. ನಮ್ಮ ಮಂಡಿಯಲ್ಲೂ ಹೀಗೇ ಇದೆ. ಉಬ್ಬುಗಳಿಗೆ ಕಾಂಡೈಲ್ ಅನ್ನುತ್ತೇವೆ, ಸಂದಿಗೆ ನಾಚ್. ಎಸಿಎಲ್ ಅನ್ನುವ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಹೊರಗಿನ ಕಾಂಡೈಲಿನ ಒಳಗೋಡೆಗೆ ಅಂಟಿರುತ್ತದೆ. ಪಿಸಿಎಲ್ ಅನ್ನುವ ಇನ್ನೊಂದು ಲಿಗಮೆಂಟ್ ಅದರ ಎದುರು ಗೋಡೆಗೆ.

ಮೂಳೆಯನ್ನು ನೆಟ್ಟಗೆ ಹಿಡಿದು ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಸಂದಿನ ಚಾವಣಿಗೆ ಬಡಿದು ನಿಲ್ಲುತ್ತದೆ. ಚಾವಣಿ ಇಳಿಜಾರಾಗಿದೆ, ಅಲ್ವಾ? ಟಾರ್ಚನ್ನೂ ಅದೇ ಇಳಿಜಾರಿಗೆ ವಾರೆ ಮಾಡಿದರೆ ಬೆಳಕು ಮುಂದಕ್ಕೆ ಹಾದು ಬರುತ್ತದೆ. ಟನೆಲ್ ವ್ಯೂನಲ್ಲಿ, ಅಂದರೆ ನಾಚ್ ಎಕ್ಸ್‌ರೇಯಲ್ಲಿ, ನಾವು ಮಾಡುವುದೂ ಇದನ್ನೇ.

ಪೇಶೆಂಟನ್ನು ಬೋರಲು ಮಲಗಿಸಿ. ಮಂಡಿಯ ಕೆಳಗೆ ಕ್ಯಾಸೆಟ್ (ಚಿತ್ರ ಹಿಡಿಯುವ ತಟ್ಟೆ) ಇರಲಿ. ಕೆಳಗಾಲನ್ನು ಟೇಬಲ್‌ನಿಂದ 40 ಡಿಗ್ರಿ ಎತ್ತಿ, ಪಾದಕ್ಕೆ ದಿಂಬು ಒತ್ತು ಕೊಡಿ. ಕಿರಣ ಬಿಡುವ ಟ್ಯೂಬನ್ನು ಪಾದದ ಕಡೆಗೆ ಅಷ್ಟೇ 40 ಡಿಗ್ರಿ ವಾಲಿಸಿ. ಕಾಲು 50 ಎತ್ತಿದ್ದರೆ ಟ್ಯೂಬೂ 50. ಕಿರಣ ಕೆಳಗಾಲಿಗೆ ಲಂಬವಾಗಿ, ಮಂಡಿಯ ಹಿಂದಿನ ಮಡಿಕೆಯ ನಡುವೆ ಇಳಿಯಬೇಕು. ಕೋನವನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ.

ಫಿಲ್ಮ್‌ನಲ್ಲಿ ನಾಚ್ ತಲೆಕೆಳಗಾದ ಯು ಆಕಾರದಲ್ಲಿ ಸ್ವಚ್ಛವಾಗಿ ತೆರೆದಿರಬೇಕು. ಮಂಡಿಚಿಪ್ಪಿನ ತುದಿ ಅದರೊಳಗೆ ಇಣುಕಬಾರದು. ಕಾಂಡೈಲ್‌ಗಳು ಎರಡೂ ಬದಿ ಸಮನಾಗಿಲ್ಲವೇ? ಕಾಲು ತಿರುಗಿದೆ, ಸರಿ ಮಾಡಿ.

ಇಷ್ಟು ಒತ್ತಿ ಹೇಳಲು ಕಾರಣ ಒಬ್ಬ ಕಬಡ್ಡಿ ಹುಡುಗ. ಹದಿನಾರು ವಯಸ್ಸು. "ಓಡ್ತಾ ಇದ್ರೆ ಮಂಡಿ ಸಿಕ್ಕಾಕೊಳ್ಳುತ್ತೆ ಅಣ್ಣಾ" ಅಂದ. ಕ್ಯೂ ಉದ್ದ ಇತ್ತು. ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆದು ಕಳಿಸಿದೆ. ಎರಡೂ ನಾರ್ಮಲ್ ಅಂತ ರಿಪೋರ್ಟ್ ಬಂತು. ಎರಡು ತಿಂಗಳಿಗೆ ಕುಂಟುತ್ತಾ ವಾಪಸ್ ಬಂದ. ಆಗ ಟನೆಲ್ ವ್ಯೂ ತೆಗೆದೆ. ಒಳಗಿನ ಕಾಂಡೈಲಿನಲ್ಲಿ, ನಾಚ್ ಕಡೆಯ ಅಂಚಿನಲ್ಲಿ ಗುಳಿ. ಸಂದಿನೊಳಗೆ ತೊಗರಿಕಾಳಿನಷ್ಟು ಮೂಳೆಚೂರು. ಹೀಗೆ ಮೂಳೆಚೂರು ಕಳಚಿಕೊಳ್ಳುವ ಕಾಯಿಲೆ (ಆಸ್ಟಿಯೋಕಾಂಡ್ರೈಟಿಸ್ ಡಿಸೆಕಾನ್ಸ್) ಹೆಚ್ಚಾಗಿ ಕಾಣಿಸಿಕೊಳ್ಳುವುದು ಅದೇ ಜಾಗದಲ್ಲಿ. ಆ ಎರಡು ತಿಂಗಳು ಅವನು ಆ ಚೂರಿಟ್ಟುಕೊಂಡೇ ಆಡಿದ. ಅವತ್ತಿನಿಂದ ಯಾವ ಹುಡುಗ ಮಂಡಿ ಸಿಕ್ಕಿಕೊಳ್ಳುತ್ತೆ ಅಂದರೂ, ಟನೆಲ್ ವ್ಯೂ ಬೇಕಾ ಅಂತ ಡಾಕ್ಟರನ್ನು ಕೇಳದೆ ಕಳಿಸುವುದಿಲ್ಲ.

ಲಿಗಮೆಂಟ್ ಹರಿದಿದೆಯಾ ಎಂದು ಎಕ್ಸ್‌ರೇಯಲ್ಲಿ ಹುಡುಕಬೇಡಿ, ಅದು ಎಂಆರ್‌ಐ ಕೆಲಸ. ಅಲ್ಲಿ ಮಂಡಿಯನ್ನು ಪಕ್ಕದಿಂದ ತೋರಿಸುವ ಸ್ಲೈಸ್‌ನಲ್ಲಿ ನಾಚ್‌ನ ಚಾವಣಿ ಗೆರೆಯಂತೆ ಕಾಣುತ್ತದೆ. ಅದಕ್ಕೆ ಬ್ಲೂಮೆನ್ಸಾಟ್ ಗೆರೆ ಎಂದು ಹೆಸರು. ಚೆನ್ನಾಗಿರುವ ಎಸಿಎಲ್ ಹೆಚ್ಚುಕಡಿಮೆ ಆ ಗೆರೆಯ ಜೊತೆಜೊತೆಗೇ ಕಪ್ಪು ಪಟ್ಟಿಯಾಗಿ ಇಳಿಯುತ್ತದೆ. ಪಟ್ಟಿ ಕೆಳಕ್ಕೆ ಜೋತು ಮಲಗಿದ್ದರೆ ಅನುಮಾನ ಪಡಿ.

ಸವಕಲು ಮಂಡಿಯ ಹಿರಿಯರನ್ನು ಬೋರಲು ಮಲಗಿಸಿ ನೋಯಿಸಬೇಡಿ. ಬಕಿ ಸ್ಟ್ಯಾಂಡ್ (ಕ್ಯಾಸೆಟ್ ಹಿಡಿಯುವ ನಿಲುವು) ಹಿಡಿದು ನಿಲ್ಲಲಿ, ಮಂಡಿ 45 ಡಿಗ್ರಿ ಮಡಿಸಲಿ. ಹಿಂದಿನಿಂದ ಟ್ಯೂಬನ್ನು 10 ಡಿಗ್ರಿ ಕೆಳಕ್ಕೆ ವಾಲಿಸಿ. ನಾಚ್ ಜೊತೆಗೆ, ಮೈಭಾರ ಬಿದ್ದಾಗ ಕೀಲಿನ ಸಂದು ಎಷ್ಟು ಉಳಿದಿದೆ ಎಂಬುದೂ ಸಿಗುತ್ತದೆ. ಅಜ್ಜಿ ಬೀಳದ ಹಾಗೆ ಮನೆಯವರೊಬ್ಬರು ಹಿಡಿದುಕೊಳ್ಳಲಿ, ಅವರಿಗೂ ಲೆಡ್ ಏಪ್ರನ್ ಹಾಕಿಸಿ.