ಚಟದ ತುಡಿತ ಎದ್ದಾಗ ಮೈಯ ಮಾತು ಕೇಳುವುದು ಹೇಗೆ?

ಚಟ ಬಿಡಲು ಹೊರಟವರಿಗೆ ಸಿಗುವ ಪುಕ್ಕಟೆ ಸಲಹೆ ಒಂದೇ: ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೈಯ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ತುಡಿತ ಎಷ್ಟೋ ಸಲ ಕಾಣಿಸಿಕೊಳ್ಳುವುದು ಅಲ್ಲೇ. ಎದೆ ಬಿಗಿಯುತ್ತದೆ, ಬಾಯಿ ಒಣಗುತ್ತದೆ, ಕೈ ಚಡಪಡಿಸುತ್ತದೆ.

ಎದೆಬಡಿತ, ಹಸಿವು, ಉಸಿರಿನ ಸುದ್ದಿಯೆಲ್ಲ ಬಂದು ಸೇರುವ ಮುಖ್ಯ ತಾಣ ಮೆದುಳಿನ ಒಳಮಡಿಕೆಯಲ್ಲಿರುವ ಇನ್ಸುಲಾ. ಈ ಭಾಗಕ್ಕೆ ಹಾನಿಯಾದ ಕೆಲವು ಧೂಮಪಾನಿಗಳು ಹಪಾಹಪಿಯೇ ಇಲ್ಲದೆ ಸಿಗರೇಟು ಬಿಟ್ಟಿದ್ದನ್ನು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ಸೇದುವ ಆಸೆಯನ್ನು ತಮ್ಮ ದೇಹವೇ ಮರೆತುಬಿಟ್ಟಿತು ಎಂದಿದ್ದರು ಅವರಲ್ಲೊಬ್ಬರು.

ಮೈಯ ಇಂಥ ಸಂಕೇತಗಳನ್ನು ಗಮನಿಸುವ ಅಭ್ಯಾಸವನ್ನು ತುಡಿತವಿಲ್ಲದ ಹೊತ್ತಿನಲ್ಲೇ ಶುರುಮಾಡಿ. ಸುಮ್ಮನೆ ಕುಳಿತು, ನಾಡಿ ಮುಟ್ಟದೆ, ಎದೆಬಡಿತ ಗೊತ್ತಾಗುತ್ತದೆಯೇ ಗಮನಿಸಿ. ಗೊತ್ತಾಗದಿದ್ದರೆ ಚಿಂತೆ ಬೇಡ. ಬಹಳ ಜನರಿಗೆ ಗೊತ್ತಾಗುವುದಿಲ್ಲ. ಹಾಗಿದ್ದರೆ ಉಸಿರು, ಹೊಟ್ಟೆ, ಭುಜದ ಬಿಗಿತ ಗಮನಿಸಿದರೂ ಸಾಕು.

ಮುಂದಿನದು ಸಂಕೇತಗಳನ್ನು ಬಿಡಿಸಿ ಓದುವುದು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದೇ. ಹಸಿವು, ದಣಿವು, ಸಿಟ್ಟು, ನಿದ್ದೆಗೇಡು ಎಲ್ಲವೂ ‘ಒಂದು ಸಿಗರೇಟು ಬೇಕು’ ಎಂಬ ವೇಷ ಹಾಕಿಕೊಂಡು ಬರಬಲ್ಲವು. ಆದ್ದರಿಂದ ‘ಏನೋ ಆಗುತ್ತಿದೆ’ ಎಂದು ತೇಲಿಸಬೇಡಿ. ಎಲ್ಲಿ, ಹೇಗೆ ಎಂದು ಹೇಳಿಕೊಳ್ಳಿ: ಹೊಟ್ಟೆ ಖಾಲಿ, ದವಡೆ ಬಿಗಿದಿದೆ, ಊಟ ಮಾಡಿ ಆರು ಗಂಟೆಯಾಯಿತು. ಅರ್ಧದಷ್ಟು ತುಡಿತಗಳ ಬಂಡವಾಳ ಇಲ್ಲೇ ಬಯಲಾದರೆ ಆಶ್ಚರ್ಯವಿಲ್ಲ. ಒಂದೆರಡು ವಾರ ಚೀಟಿಯಲ್ಲಿ ಬರೆದಿಟ್ಟರೆ ನಿಮ್ಮದೇ ನಮೂನೆ ಕಾಣಿಸತೊಡಗುತ್ತದೆ.

ನಿಜವಾದ ತುಡಿತವೇ ಆಗಿದ್ದರೆ ಕಾದಾಡಬೇಡಿ, ಗಮನವಿಟ್ಟು ನೋಡುತ್ತಿರಿ. ಅದು ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ವ್ಯಸನ ಚಿಕಿತ್ಸೆಯಲ್ಲಿ ಬಳಕೆಗೆ ತಂದ ವಿಧಾನವಿದು. ಜೂಜು, ಮೊಬೈಲ್ ಗೀಳು, ಹಠಾತ್ ಖರೀದಿಯ ವಿಷಯದಲ್ಲೂ ಪ್ರಯತ್ನಿಸಬಹುದು.

ಆದರೆ ಗಾಬರಿಯ ತೊಂದರೆ ಇರುವವರಿಗೆ ಎದೆಬಡಿತವನ್ನೇ ಕಾಯುತ್ತ ಕೂರುವುದು ತಿರುಗುಬಾಣವಾದೀತು. ಅವರು ಪಾದ ನೆಲಕ್ಕೆ ತಾಗುವುದನ್ನು ಗಮನಿಸುವುದು ಮೇಲು. ದಿನವೂ ವಿಪರೀತ ಕುಡಿಯುವವರು ಇದನ್ನೇ ನಂಬಿ ಏಕಾಏಕಿ ಮದ್ಯ ನಿಲ್ಲಿಸಕೂಡದು. ನಡುಕ, ಬೆವರು, ಗೊಂದಲ ಅಲ್ಲಿ ಕಾದು ನೋಡುವ ಅಲೆಗಳಲ್ಲ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು, ನಿಲ್ಲಿಸುವುದು ಆಮೇಲೆ.