ಪಂಚನಾಮೆ ಕಲಿಸಿದ ಕಾದಂಬರಿ

ನನ್ನ ಮೊದಲ ಎರಡು ಪತ್ತೇದಾರಿ ಕಾದಂಬರಿಗಳಲ್ಲಿ ಪಿಸ್ತೂಲು ಇತ್ತು, ಮಳೆ ಇತ್ತು, ಕಪ್ಪು ಕಾರು ಇತ್ತು. ಒಂದು ಸಾವು ಆದಮೇಲೆ ನಿಜವಾಗಿ ಏನು ನಡೆಯುತ್ತದೆ ಅನ್ನೋದು ಮಾತ್ರ ಇರಲಿಲ್ಲ. ನನಗೆ ಗೊತ್ತಿದ್ದರೆ ತಾನೆ ಬರೆಯೋದು?

ಆಗ ನಾನು ಮುಂಬೈಯ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದೆ. ಒಂದು ಮಧ್ಯಾಹ್ನ ಹವಾಲ್ದಾರರು ಬಂದು, ಪಂಚರಾಗಿ, ಅಂದರೆ ಪಂಚನಾಮೆಗೆ ಸಾಕ್ಷಿಗಳಾಗಿ, ಇಬ್ಬರು ಬೇಕು ಅಂದರು. ಪಕ್ಕದ ಕಟ್ಟಡದ ಕೋಣೆಯಲ್ಲಿ ಒಬ್ಬರು ತೀರಿಕೊಂಡಿದ್ದರು. ನಾನು ಮತ್ತು ನಮ್ಮ ಸಪ್ಲೈಯರ್ ಹುಡುಗ ಹೋದೆವು.

ಸುಮಾರು ಎರಡು ತಾಸು ನಿಂತಿದ್ದೆ. ಹವಾಲ್ದಾರರು ಸ್ಥಳದಲ್ಲಿ ಕಂಡದ್ದನ್ನೆಲ್ಲ ಪಂಚನಾಮೆಯಲ್ಲಿ ಮರಾಠಿಯಲ್ಲಿ ಬರೆಯುತ್ತಾ ಹೋದರು. ಶರ್ಟಿನ ಜೇಬಿನಲ್ಲಿ ರೈಲಿನ ಸೆಕೆಂಡ್ ಕ್ಲಾಸ್ ಪಾಸು, ಹಲ್ಲು ಮುರಿದ ಬಾಚಣಿಗೆ, 37 ರೂಪಾಯಿ. ಬೆರಳಲ್ಲಿ ಹಳದಿ ಲೋಹದ ಉಂಗುರ. ಚಿನ್ನ ಅಂತ ಬರೆಯಲಿಲ್ಲ. ದಿಂಬಿನ ಮೇಲಿನ ಕಲೆ ತೋರಿಸಿ ನಾನು ರಕ್ತ ಅಂದೆ. ಅವರು 'ರಕ್ತಾಸಾರಖೆ ಡಾಗ್' ಅಂತ ಬರೆದರು, ರಕ್ತದ ಹಾಗೆ ಕಾಣುವ ಕಲೆ. ಅದು ರಕ್ತ ಹೌದೋ ಅಲ್ವೋ ಅಂತ ಹೇಳಬೇಕಾದದ್ದು ಕಲೀನಾದ ಫೋರೆನ್ಸಿಕ್ ಲ್ಯಾಬು, ನಾವಲ್ಲ ಅಂದರು.

ಅವತ್ತು ರಾತ್ರಿಯೇ ಅರ್ಧ ಬರೆದಿದ್ದ ಮೂರನೇ ಕಾದಂಬರಿಯನ್ನು ಪಕ್ಕಕ್ಕಿಟ್ಟೆ. ಮತ್ತೆ ಬರೆಯುವಾಗ 'ಕ್ರೂರ', 'ಭೀಕರ' ಅನ್ನೋ ಮಾತೆಲ್ಲ ತೆಗೆದು, ಕಣ್ಣಿಗೆ ಕಂಡದ್ದನ್ನು ಮಾತ್ರ ಇಟ್ಟೆ. ಹೆದರಿಕೆ ಜಾಸ್ತಿಯೇ ಆಯಿತು.

ಕಾನೂನನ್ನೂ ಓದಿಕೊಂಡೆ. ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ, ಆದರೆ ಅವನ ಮಾತಿನಿಂದ ಬಚ್ಚಿಟ್ಟ ಚಾಕು ಸಿಕ್ಕಿದರೆ ಅಷ್ಟು ಭಾಗ ಆಗುತ್ತದೆ, ಅದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲಿಸಲು ಪಂಚರು ಬೇಕು. ಇಡೀ ಕಥೆ ಇಲ್ಲೇ ಇದೆ, ಅಲ್ವಾ? ಕೊನೆ ಅಧ್ಯಾಯದಲ್ಲಿ ಕೊಲೆಗಾರನಿಂದ ಎಲ್ಲ ಒಪ್ಪಿಸಿ ಮುಗಿಸುವ ಅಭ್ಯಾಸ ಅಲ್ಲಿಗೆ ಬಿಟ್ಟೆ. 2024ರ ಜುಲೈ 1ರಿಂದ ಕೊಲೆಗೆ ಐಪಿಸಿಯ ಸೆಕ್ಷನ್ 302 ಹೋಗಿ ಭಾರತೀಯ ನ್ಯಾಯ ಸಂಹಿತೆಯ 103 ಬಂದಿದೆ, ಹಾಗಾಗಿ ಕಥೆ ಯಾವ ವರ್ಷದ್ದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳುತ್ತೇನೆ.

ಊರಿನ ವಿಷಯವೂ ಹಾಗೇ. ಒಂದು ಕಡೆ ಫಾಸ್ಟ್ ಲೋಕಲನ್ನು ಮಾಟುಂಗಾದಲ್ಲಿ ನಿಲ್ಲಿಸಿಬಿಟ್ಟಿದ್ದೆ. ಅಲ್ಲಿ ಸ್ಲೋ ಮಾತ್ರ ನಿಲ್ಲುತ್ತದೆ. ಮುಲುಂಡಿನ ಓದುಗರೊಬ್ಬರು ಫೋನ್ ಮಾಡಿ ಹೇಳಿದರು. ಕೊಲೆಗಾರ ತಪ್ಪಿಸಿಕೊಂಡದ್ದೇ ಆ ಟ್ರೇನಿನಲ್ಲಿ! ಈಗ ಪ್ರತಿ ದಾರಿಯನ್ನೂ ನಾನೇ ಒಮ್ಮೆ ಹೋಗಿ ಬರುತ್ತೇನೆ.

ದುಡ್ಡಿನ ಬಗ್ಗೆ ಕೇಳುವವರಿಗೆ: ಕೆಲಸ ಬಿಡಬೇಡಿ. ಮೊದಲ ಪುಸ್ತಕಕ್ಕೆ ಪ್ರಕಾಶಕರು ಹಣದ ಬದಲು 50 ಪ್ರತಿ ಕೊಟ್ಟರು. ಇಲ್ಲಿನ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಚೀಲದಲ್ಲಿ ಹೊತ್ತುಕೊಂಡು ಹೋಗಿ ಮಾರಿದೆ. ಬರೆಯೋದು ಬೆಳಿಗ್ಗೆ ಐದರಿಂದ ಆರೂವರೆ, ಈಗಲೂ.

ಮಾತು ಬರೆಯೋದು ಕಷ್ಟ. ಹವಾಲ್ದಾರರ ಮರಾಠಿಯನ್ನು ಸರಳ ಕನ್ನಡದಲ್ಲಿ ಬರೆದು 'ಬಘೂ ಯಾ' (ನೋಡೋಣ) ಅನ್ನುವಂಥ ಒಂದೆರಡು ಮಾತು ಹಾಗೇ ಬಿಡುತ್ತೇನೆ. ಹೋಟೆಲಿನ ಹುಡುಗರಿಗೆ ಅವರದೇ ಕುಂದಾಪುರ ಕನ್ನಡ.

ಈಗ ಬರೆಯುತ್ತಿರುವುದರಲ್ಲಿ ಪತ್ತೇದಾರನೇ ಇಲ್ಲ. ಆ ಸಪ್ಲೈಯರ್ ಹುಡುಗನಂಥ ಒಬ್ಬ ಪಂಚ ಇದ್ದಾನೆ. ಆ ಹುಡುಗ ಮರಾಠಿ ಓದಲು ಬರದೆ, ಅವತ್ತು ಪಂಚನಾಮೆಯ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ್ದ. ಕಾದಂಬರಿಯ ಪಂಚನಿಗೆ ಆರು ವರ್ಷದ ನಂತರ ಕೋರ್ಟಿನಲ್ಲಿ ವಕೀಲರು ಅಂಥದ್ದೇ ಹಾಳೆ ತೋರಿಸಿ, ಸಹಿ ನಿಮ್ಮದೇನಾ ಅಂತ ಕೇಳುತ್ತಾರೆ. ಹೌದು ಅನ್ನುತ್ತಾನೆ. ಹಾಗಾದರೆ ಮೇಲೆ ಏನು ಬರೆದಿದೆ, ಓದಿ ಅನ್ನುತ್ತಾರೆ.